ಅಮಾಸೆ ಕಳೆದು ನಾಕು ದಿನ

ಕಳೆದ ತಿಂಗಳು ಒಂದು ಮಧ್ಯಾಹ್ನ ಫೋನ್ ಬಂತು. ನಾನು ಹಿಂದೆ ಕೆಲಸ ಮಾಡುತ್ತಿದ್ದ, ಹಳ್ಳಿಯ ಹಿರಿಯರ ನೆನಪನ್ನು ಪರೀಕ್ಷಿಸುವ ಸಂಶೋಧನಾ ಪ್ರಾಜೆಕ್ಟಿಗೆ ಹೊಸದಾಗಿ ಸೇರಿದ ಹುಡುಗಿ. ಸೈಕಾಲಜಿಯಲ್ಲಿ ಎಂಎಸ್ಸಿ ಮುಗಿಸಿ ಆರು ತಿಂಗಳೂ ಆಗಿಲ್ಲ. ನಾವಿಬ್ಬರೂ ಮುಖ ನೋಡಿಕೊಂಡವರಲ್ಲ, ನನ್ನ ನಂಬರನ್ನು ಯಾರೋ ಕೊಟ್ಟಿದ್ದಾರೆ. ಯಾವುದೋ ಮನೆಯ ಜಗುಲಿಯಿಂದ ಮಾತಾಡುತ್ತಿದ್ದಳು. ಹಿಂದೆ ಕೋಳಿ ಕೂಗು, ನಲ್ಲಿ ಕೆಳಗೆ ಕೊಡ ಇಟ್ಟ ಸದ್ದು. "ಅಕ್ಕ, ಟ್ಯಾಬ್‌ನಲ್ಲಿ ನೀವು ಬರೆದ ಹಳೇ ರಿಮಾರ್ಕ್ಸ್ ಕಾಣಿಸ್ತಿದೆ. ಎಡಗಿವಿ ಮಂದ, ಜೋರಾಗಿ ಮಾತಾಡಬೇಕು ಅಂತಿದೆ. ಅದು ಸರಿ. ಅದರ ಕೆಳಗೆ 'ಅಮಾಸೆ ಸರಿ' ಅಂತ ಬರೆದಿದ್ದೀರಿ. ಅದೇನು ಅಂತ ಗೊತ್ತಾಗ್ಲಿಲ್ಲ."

ನನಗೆ ಆ ಮನೆ, ಆ ಜಗುಲಿಯ ಕೆಂಪು ಗಾರೆ ನೆಲ, ಬಾಗಿಲಿಗೆ ಒರಗಿ ನಿಂತ ಸೊಸೆ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಫೋನಿನ ಕಥೆಗೆ ಆಮೇಲೆ ಬರುತ್ತೇನೆ. ಅವತ್ತಿನಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ನಾವು ಓದುವುದು ಮರೆವಿನ ಕಾಯಿಲೆ. ಒಬ್ಬ ಅಜ್ಜಿಯ ನೆನಪಿನ ಬಗ್ಗೆ ನಮಗೆ ಗೊತ್ತಿದ್ದ ಅತಿ ಮುಖ್ಯ ಸಂಗತಿ ಎರಡು ಪದಗಳಾಗಿ ರಿಮಾರ್ಕ್ಸ್ ಕಾಲಂನ ಮೂಲೆಯಲ್ಲಿ ಕೂತಿತ್ತು. ಬರೆದವಳ ಕಾಂಟ್ರಾಕ್ಟ್ ಮಾರ್ಚ್ 31ಕ್ಕೆ ಮುಗಿದಿತ್ತು.

ತಾರೀಖು ನಿಮಗೆ, ನಮಗ್ಯಾಕೆ

ಊರಿನ ಹೆಸರು ಬೇಡ. ರಾಗಿ, ಹುರುಳಿ ಬೆಳೆಯುವ ಬಯಲುಸೀಮೆಯ ಊರು ಅಂದರೆ ಸಾಕು. ಅಜ್ಜಿಯ ವಯಸ್ಸು ಕೇಳಿದರೆ ಆಧಾರ್ ಕಾರ್ಡ್ ತಂದು ಕೊಟ್ಟರು. ಹುಟ್ಟಿದ ದಿನ ಜನವರಿ 1. ಆ ಬೀದಿಯಲ್ಲಿ ಅರ್ಧ ಜನ ಜನವರಿ 1ಕ್ಕೇ ಹುಟ್ಟಿದವರು, ಅಲ್ವಾ. ನಗುವ ವಿಷಯ ಹೌದು, ಆದರೆ ನಮಗೆ ದೊಡ್ಡ ತಲೆನೋವು. ಅರವತ್ತೈದರ ಅಜ್ಜಿಗೆ ಇಷ್ಟು ಅಂಕ ಬರಬೇಕು, ಎಂಬತ್ತರ ಅಜ್ಜಿಗೆ ಇಷ್ಟು ಬಂದರೆ ಸಾಕು ಅನ್ನೋ ಲೆಕ್ಕದ ಮೇಲೆ ಇಡೀ ಪರೀಕ್ಷೆ ನಿಂತಿದೆ. ವಯಸ್ಸೇ ತಪ್ಪಾದರೆ ಎಲ್ಲ ತಪ್ಪು. ಹಾಗಾಗಿ ಸುತ್ತಿ ಬಳಸಿ ಕೇಳುತ್ತೇವೆ. ಇಂದಿರಾ ಗಾಂಧಿ ಚಿಕ್ಕಮಗಳೂರಲ್ಲಿ ಓಟಿಗೆ ನಿಂತಾಗ ನಿಮಗೆ ಮಕ್ಕಳಾಗಿತ್ತಾ? "ಆಗ್ಲೇ ಮೂರಾಗಿತ್ತಲ್ಲ, ದೊಡ್ಡವ್ನು ಇಸ್ಕೂಲಿಗೆ ಹೋಗ್ತಿದ್ದ." ಸರಿ, 1978. ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಬರಬೇಕು.

ಆಮೇಲೆ ಪ್ರಶ್ನೆಗಳು. ಈಗ ಯಾವ ತಿಂಗಳು ಅಜ್ಜಿ? "ಆಷಾಢ. ಹೊಸ ಹೆಣ್ಣು ತವರಿಗೆ ಹೋಗೋ ತಿಂಗ್ಳು." ನಮ್ಮ ಕೈಪಿಡಿಯಲ್ಲಿ ಇದಕ್ಕೆ ಅವಕಾಶ ಇತ್ತು. ಊರಿನ ಲೆಕ್ಕದ ತಿಂಗಳು ಹೇಳಿದರೂ ಅಂಕ ಕೊಡಬಹುದು. ಕೊಟ್ಟೆ. ತಾರೀಖು ಎಷ್ಟು? "ತಾರೀಖು ನಿಮ್ಗೆ ಕಣವ್ವ, ಸಂಬ್ಳ ತಗಳೋರ್ಗೆ. ನಮ್ಗ್ಯಾಕೆ? ಅಮಾಸೆ ಕಳೆದು ನಾಕು ದಿನ." ಮೊಬೈಲ್ ತೆಗೆದು ಪಂಚಾಂಗ ನೋಡಿದೆ. ನಾಲ್ಕೇ ದಿನ. ಚೌತಿ. ತಿಥಿಗೆ ಮಾತ್ರ ಕೈಪಿಡಿಯಲ್ಲಿ ಅವಕಾಶ ಇರಲಿಲ್ಲ. ಸೊನ್ನೆ ಒತ್ತಿದೆ. ಒತ್ತಿದ ಮೇಲೆ ಮನಸ್ಸು ತಡೆಯಲಿಲ್ಲ, ಕಿವಿ ಮಂದ, ಕಣ್ಣು ಪೊರೆ ಅಂತೆಲ್ಲ ಬರೆಯೋ ಜಾಗದಲ್ಲಿ 'ಅಮಾಸೆ ಸರಿ' ಅಂತ ಸೇರಿಸಿದೆ. ಹಳೇ ಅಂಕಗಳು ಮುಂದೆ ಬರುವ ಸಂದರ್ಶಕರಿಗೆ ಕಾಣಿಸುವುದಿಲ್ಲ, ಕಾಣಿಸಲೂಬಾರದು, ಗೊತ್ತಿದ್ದರೆ ಕೈ ವಾಲುತ್ತದೆ. ಅವರಿಗೆ ಕಾಣುವುದು ರಿಮಾರ್ಕ್ಸ್ ಒಂದೇ.

ಆಮೇಲೆ ಪದಗಳ ಪರೀಕ್ಷೆ. ಮೊದಲು ಕೆಲವು ಪದ ಹೇಳುತ್ತೇವೆ, ಸ್ವಲ್ಪ ಹೊತ್ತು ಬೇರೆ ಏನೋ ಕೇಳಿ, ಆ ಪದಗಳನ್ನು ನೆನಪಿಸಿಕೊಳ್ಳಿ ಅನ್ನುತ್ತೇವೆ. (ಯಾವ ಪದಗಳು ಅಂತ ಇಲ್ಲಿ ಬರೆಯುವುದಿಲ್ಲ. ಪದ ಊರಿಗೆಲ್ಲ ಗೊತ್ತಾದರೆ ಪರೀಕ್ಷೆ ಕೆಟ್ಟಿತು.) ಅಜ್ಜಿಗೆ ಒಂದು ಪದ ಹೋಗಿತ್ತು. ಯೋಚನೆ ಮಾಡುತ್ತಿದ್ದಾಗ ಎರಡನೇ ಕ್ಲಾಸಿನ ಮೊಮ್ಮಗ ತೊಟ್ಟಿಯ ಹಿಂದಿನಿಂದ ಕೂಗಿ ಹೇಳಿಬಿಟ್ಟ. ಅಜ್ಜಿ ಅವನ ಕಡೆ ತಿರುಗಿಯೂ ನೋಡದೆ, "ಸುಮ್ಕಿರ್ಲಾ, ನನ್ನ ಪರೀಕ್ಷೆ ಇದು" ಅಂದರು. ಆ ಮಾತಿಗೂ ಅಂಕ ಇದ್ದಿದ್ದರೆ ಕೊಡುತ್ತಿದ್ದೆ. ತಮಾಷೆಗೆ ಹೇಳುತ್ತಿಲ್ಲ. ಪ್ರಶ್ನೆ ಕೇಳಿದ ತಕ್ಷಣ ಮನೆಯವರ ಕಡೆ ಕತ್ತು ತಿರುಗಿಸುವುದನ್ನು ಅಲ್ಝೈಮರ್ಸ್‌ನ ಒಂದು ಲಕ್ಷಣ ಅಂತ ವೈದ್ಯರು ಗಮನಿಸುತ್ತಾರೆ. ಈ ಅಜ್ಜಿ ತಿರುಗಲಿಲ್ಲ.

ಓದು ಬಾರದವರಿಗೆ ಓದು ಬರುವವರ ಪರೀಕ್ಷೆ ಕೊಡುವ ಕಷ್ಟ ನಮಗಿಂತ ಹಿಂದಿನವರಿಗೂ ಗೊತ್ತಿತ್ತು. ಅಮೆರಿಕದಲ್ಲಿ 1975ರಲ್ಲಿ ಬಂದ ಎಂಎಂಎಸ್‌ಇ ಅನ್ನೋ ಚಿಕ್ಕ ಪರೀಕ್ಷೆಯಲ್ಲಿ 'ಕಣ್ಣು ಮುಚ್ಚಿ' ಅಂತ ಬರೆದ ಚೀಟಿ ತೋರಿಸುತ್ತಾರೆ, ಓದಿ ಹಾಗೆ ಮಾಡಬೇಕು. ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಅದನ್ನು ಹಿಂದಿಗೆ ಒಗ್ಗಿಸಿದವರು ಚೀಟಿ ಬಿಟ್ಟು, ನನ್ನ ಮುಖ ನೋಡಿ, ನಾನು ಮಾಡಿದ ಹಾಗೆ ಮಾಡಿ ಅಂದು ತಾವೇ ಕಣ್ಣು ಮುಚ್ಚಿ ತೋರಿಸಿದರು. ಆ ಕೆಲಸ ಪ್ರಕಟವಾಗಿದ್ದು 1995ರಲ್ಲಿ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಂಡದವರು ಐದು ಭಾಷೆಗಳಿಗೆ ಪರೀಕ್ಷೆಗಳ ಒಂದು ಕಟ್ಟನ್ನೇ ಮಾಡಿದರು, ಅದರಲ್ಲಿ ಕನ್ನಡವೂ ಇದೆ. ಇಷ್ಟಾದರೂ ಅಮಾಸೆಗೆ ಜಾಗ ಆಗಲಿಲ್ಲ. ಎಲ್ಲಕ್ಕೂ ಫಾರಂನಲ್ಲಿ ಜಾಗ ಮಾಡೋಕೆ ಆಗಲ್ಲ, ನಿಜ. ಅದಕ್ಕೇ ಎದುರು ಕೂತವರಿಗೆ ಕಣ್ಣು ಕಿವಿ ಇರಬೇಕು, ಮತ್ತೆ ಮುಂದಿನ ವರ್ಷವೂ ಅವರೇ ಅಲ್ಲಿ ಇರಬೇಕು.

ಕಾಯಿಲೆಗೆ ಇಪ್ಪತ್ತು ವರ್ಷ, ನಮಗೆ ಎರಡು

ಅಲ್ಝೈಮರ್ಸ್ ಬೇರೆ ಕಾಯಿಲೆಗಳ ಹಾಗಲ್ಲ. ಮರೆವು ಹೊರಗೆ ಕಾಣಿಸಿಕೊಳ್ಳುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಮೆದುಳಿನಲ್ಲಿ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಕೂಡಿಕೊಳ್ಳಲು ಶುರುವಾಗಿರುತ್ತದೆ. ಅರಳು ಮರಳು ಅಂತ ನಾವು ಹೇಳುವ ಹೊತ್ತಿಗೆ ಕಥೆ ಮುಕ್ಕಾಲು ಮುಗಿದಿರುತ್ತದೆ. ಅದಕ್ಕೇ ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಚೆನ್ನಾಗಿರುವವರನ್ನೇ ಹಿಡಿದು ವರ್ಷಗಟ್ಟಲೆ ಹಿಂಬಾಲಿಸಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಐಐಎಸ್ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮಾಡುತ್ತಿರುವುದು ಅದನ್ನೇ. ನಲವತ್ತೈದು ದಾಟಿದ 10,000 ಜನರನ್ನು ಸೇರಿಸಿಕೊಳ್ಳುವ ಗುರಿ. ಮಾವಿನ ತೋಪಿನ ಸೀಮೆಯ ಜನರ ರಕ್ತ, ಎಂಆರ್‌ಐ, ನೆನಪು, ನಡಿಗೆ ಎಲ್ಲವನ್ನೂ ಮತ್ತೆ ಮತ್ತೆ ನೋಡುತ್ತಾರೆ. (ನಾನು ಕೆಲಸ ಮಾಡಿದ್ದು ಅಲ್ಲಿ ಅಲ್ಲ, ಬೇರೆ ಕಡೆ, ಚಿಕ್ಕದರಲ್ಲಿ.) ಆ ಕೇಂದ್ರದ ಹಿಂದೆ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟಿನ ಹಣ ಇದೆ, ಮೊದಲು ಹತ್ತು ವರ್ಷಕ್ಕೆ ಅಂತ ಕೊಟ್ಟ 225 ಕೋಟಿ. ಮೊತ್ತಕ್ಕಿಂತ ಆ 'ಹತ್ತು ವರ್ಷ' ಅನ್ನೋದು ನನಗೆ ದೊಡ್ಡದಾಗಿ ಕಾಣುತ್ತದೆ.

ಯಾಕೆಂದರೆ ಉಳಿದ ನಮ್ಮೆಲ್ಲರ ಗಡಿಯಾರ ಬೇರೆ. ಪ್ರಾಜೆಕ್ಟ್ ಮೂರು ವರ್ಷ. ಅದರಲ್ಲಿ ಮೊದಲ ವರ್ಷ ಎಥಿಕ್ಸ್ ಕಮಿಟಿ, ಟೆಂಡರು, ನೇಮಕಾತಿ. ಕೊನೆಯ ಆರು ತಿಂಗಳು ರಿಪೋರ್ಟು. ಮಧ್ಯೆ ಉಳಿದದ್ದು ಫೀಲ್ಡು. ಅದನ್ನು ಮಾಡುವವರ ನೇಮಕ ಹನ್ನೊಂದು ತಿಂಗಳಿಗೆ, ಇಲ್ಲ ವರ್ಷಕ್ಕೆ. ನವೀಕರಣ ಆಗುತ್ತೋ ಇಲ್ಲವೋ ಅಂತ ಫೆಬ್ರವರಿ ಪೂರ್ತಿ ಎಲ್ಲರೂ ಅಕೌಂಟ್ಸ್ ಸೆಕ್ಷನ್ ಗುಮಾಸ್ತರ ಮುಖ ನೋಡಿಕೊಂಡು ಕೂತಿರುತ್ತಾರೆ. ನನ್ನದು ಆಗಲಿಲ್ಲ. ಎರಡನೇ ಕಂತು ಬಂದಿಲ್ಲ ಅಂದರು. ಬಂದಾಗ ನಾನು ಬೇರೆ ಕಡೆ ಸೇರಿಯಾಗಿತ್ತು.

ಇದನ್ನು ನಮ್ಮ ಹೊಟ್ಟೆಪಾಡಿನ ಗೋಳು ಅಂತ ಮಾತ್ರ ನೋಡಬೇಡಿ. ಗೋಳೂ ಹೌದು. ಆದರೆ ಇದರಿಂದ ವಿಜ್ಞಾನವೂ ಕೆಡುತ್ತದೆ, ಆ ಮಾತನ್ನು ಯಾರೂ ಆಡುವುದಿಲ್ಲ. ಎರಡನೇ ಸಲ ಹೋದಾಗ ಒಂದಷ್ಟು ಜನ ಸಿಗುವುದಿಲ್ಲ, ಸಿಕ್ಕರೂ ಬೇಡ ಅನ್ನುತ್ತಾರೆ. ಹಾಗೆ ಕೈ ಬಿಟ್ಟುಹೋಗುವವರಲ್ಲಿ ಮರೆವು ಶುರುವಾದವರೇ ಜಾಸ್ತಿ. ಅವರಿಗೆ ಪರೀಕ್ಷೆ ಅಂದರೆ ಈಗ ಅವಮಾನ, ಮನೆಯವರಿಗೆ ಮುಜುಗರ. ಪರಿಚಯದ ಮುಖ ಬಂದರೆ "ಬಾರವ್ವ, ಕಾಫಿ ಕುಡಿ" ಅಂತಾರೆ. ಹೊಸ ಮುಖ ಬಂದು ಐಡಿ ಕಾರ್ಡ್ ತೋರಿಸಿದರೆ "ಯಾವ ಸರ್ವೆ? ಹೊಲಕ್ಕೆ ಹೋಗ್ಬೇಕು" ಅಂತಾರೆ. ಅವರು ಹೀಗೆ ಜಾರಿಹೋದರೆ ಪಟ್ಟಿಯಲ್ಲಿ ಉಳಿಯುವವರು ಚೆನ್ನಾಗಿರುವವರೇ. ಆಮೇಲೆ ನಾವು ಗ್ರಾಫ್ ಹಾಕಿ, ಹಳ್ಳಿಯವರ ನೆನಪು ಅಷ್ಟೇನೂ ಕುಗ್ಗಿಲ್ಲ ಅಂತ ಬರೆಯುತ್ತೇವೆ. ಲೆಕ್ಕದಲ್ಲಿ ಇದನ್ನು ಸರಿಪಡಿಸುವ ವಿಧಾನಗಳಿವೆ, ನಾನೇ ಬಳಸುತ್ತೇನೆ. ಆದರೆ ಅವು ಊಹೆಗಳು. ಒಬ್ಬಳು ಹುಡುಗಿಗೆ ಐದು ವರ್ಷ ಸಂಬಳ ಕೊಡುವುದು ಅದಕ್ಕಿಂತ ಅಗ್ಗ.

ಸಮಸ್ಯೆ ಎಷ್ಟು ದೊಡ್ಡದು ಅನ್ನುವುದಕ್ಕೆ ಈಗ ಒಳ್ಳೆಯ ಅಂದಾಜು ಇದೆ. ಲಾಸಿ-ಡ್ಯಾಡ್ ಅನ್ನೋ ಅಧ್ಯಯನ ದೇಶದ ಬೇರೆ ಬೇರೆ ರಾಜ್ಯಗಳ ನಾಲ್ಕು ಸಾವಿರಕ್ಕೂ ಹೆಚ್ಚು ಹಿರಿಯರನ್ನು ನೋಡಿ 2023ರಲ್ಲಿ ಲೆಕ್ಕ ಕೊಟ್ಟಿತು. ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ (ಅಲ್ಝೈಮರ್ಸ್ ಸೇರಿದಂತೆ ಮರೆವಿನ ಕಾಯಿಲೆಗಳ ಒಟ್ಟು ಹೆಸರು), ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಇದಕ್ಕೆ ಹಣ ಎಲ್ಲಿಂದ ಬಂತು? ಹೆಚ್ಚಾಗಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಿಂದ. ಆ ಎನ್‌ಐಎಚ್ 2025ರ ಮೇ ತಿಂಗಳಲ್ಲಿ, ತಾನು ಕೊಡುವ ಗ್ರಾಂಟಿನಿಂದ ವಿದೇಶಿ ಸಂಸ್ಥೆಗಳಿಗೆ ಪಾಲು ಕೊಡುವ ಹಳೇ ಪದ್ಧತಿಯನ್ನು ನಿಲ್ಲಿಸುವುದಾಗಿ ಹೇಳಿತು. ಅದೇ ವರ್ಷ ಅಲ್ಲಿ ಗ್ರಾಂಟುಗಳೂ ರದ್ದಾದವು. ನನ್ನ ಗೆಳತಿಯೊಬ್ಬಳಿಗೆ ಅಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ, ಸಿಕ್ಕಿತ್ತು, ಮಾತು ಆಗಿತ್ತು, ಸೂಟ್‌ಕೇಸೂ ಕೊಂಡಿದ್ದಳು. ಹಣ ನಿಂತಿದೆ, ಕ್ಷಮಿಸಿ ಅಂತ ಎರಡು ಸಾಲಿನ ಮೇಲ್ ಬಂತು. ಸೂಟ್‌ಕೇಸ್ ಈಗ ನಮ್ಮ ರೂಮಿನಲ್ಲಿ ಅಕ್ಕಿ ಮೂಟೆಯ ಪಕ್ಕ ಇದೆ.

ಕೇಳುವವರಿಗೆ ನಾನು ಹೇಳುವುದು

ಈ ಕ್ಷೇತ್ರಕ್ಕೆ ಬರಬೇಕು ಅಂತಿರುವ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ, ಎಲ್ಲಿ ಶುರು ಮಾಡೋದು ಅಂತ. ಬರಬೇಡಿ ಅನ್ನಲು ಬಾಯಿ ಬರುವುದಿಲ್ಲ. ಬನ್ನಿ ಅನ್ನಲೂ ಅರ್ಧ ಮನಸ್ಸು. ಗೊತ್ತಿದ್ದಷ್ಟು ಹೇಳುತ್ತೇನೆ.

ದುಡ್ಡಿನ ಮಾತು ಮೊದಲು. ಜೂನಿಯರ್ ರಿಸರ್ಚ್ ಫೆಲೋ (ಜೆಆರ್‌ಎಫ್) ಆದರೆ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000, ಪಿಎಚ್‌ಡಿ ಮುಗಿಸಿ ರಿಸರ್ಚ್ ಅಸೋಸಿಯೇಟ್ ಆದರೆ 58,000ದಿಂದ ಶುರು, ಜೊತೆಗೆ ಎಚ್‌ಆರ್‌ಎ. ಇದು 2023ರ ಪರಿಷ್ಕರಣೆ. ಕಾಗದದ ಮೇಲೆ ತಿಂಗಳು ತಿಂಗಳು. ನನಗೆ ಪಿಎಚ್‌ಡಿ ಮೂರನೇ ವರ್ಷದಲ್ಲಿ ಐದು ತಿಂಗಳು ಬರಲಿಲ್ಲ, ಆರನೇ ತಿಂಗಳು ಒಟ್ಟಿಗೆ ಬಂತು. ಆ ಐದು ತಿಂಗಳು ತಮ್ಮನ ಹತ್ತಿರ ಬಾಡಿಗೆಗೆ ಕೈಯೊಡ್ಡಿದ್ದನ್ನು ಅವನು ಮರೆತಿದ್ದಾನೆ, ನಾನು ಮರೆತಿಲ್ಲ. ಆದ್ದರಿಂದ ಮೂರು ತಿಂಗಳ ಖರ್ಚು ಪಕ್ಕಕ್ಕಿಡಿ ಅಂತ ಎಲ್ಲಕ್ಕಿಂತ ಮೊದಲು ಹೇಳುತ್ತೇನೆ. ಆಮೇಲೆ ಫೆಲೋಶಿಪ್. ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ ಎರಡು ವರ್ಷ, ವಯಸ್ಸು 35 ದಾಟಿರಬಾರದು, ಹೆಂಗಸರಿಗೆ ಐದು ವರ್ಷ ರಿಯಾಯಿತಿ. ಹೆರಿಗೆ, ಮಗು, ಅತ್ತೆಯ ಆರೈಕೆ ಎಲ್ಲ ಆ ಐದರೊಳಗೇ ಮುಗಿಯಬೇಕು! ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್‌ನ ಅರ್ಲಿ ಕರಿಯರ್ ಫೆಲೋಶಿಪ್ ಇದಕ್ಕಿಂತ ಉದ್ದದ್ದು, ಐದು ವರ್ಷ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಅದರ ಮೂರನೇ ಹಂತಕ್ಕೆ 1,500 ಕೋಟಿಯ ಒಪ್ಪಿಗೆ ಕೊಟ್ಟಿತು. ಆ ವರ್ಷ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂದ ಒಳ್ಳೆಯ ಸುದ್ದಿ ಅಂದರೆ ಅದೊಂದೇ. ಸಿಗುವುದು ಕಷ್ಟ. ಆದರೂ ಅರ್ಜಿ ಬರೆಯಿರಿ, ಬರೆಯುವಾಗ ನಿಮ್ಮ ಪ್ರಶ್ನೆ ನಿಮಗೇ ಸ್ಪಷ್ಟ ಆಗುತ್ತದೆ.

ಹೊರಗೆ ಹೋಗುವ ಆಸೆ ಇದ್ದರೆ ಗ್ಲೋಬಲ್ ಬ್ರೈನ್ ಹೆಲ್ತ್ ಇನ್‌ಸ್ಟಿಟ್ಯೂಟಿನ ಅಟ್ಲಾಂಟಿಕ್ ಫೆಲೋಶಿಪ್ ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ಅಥವಾ ಡಬ್ಲಿನ್‌ನಲ್ಲಿ ತರಬೇತಿ. ಡಾಕ್ಟರೇ ಆಗಿರಬೇಕಂತಿಲ್ಲ, ಪತ್ರಕರ್ತರನ್ನೂ ಕಲಾವಿದರನ್ನೂ ತೆಗೆದುಕೊಳ್ಳುತ್ತಾರೆ. ಹೋಗೋಕೆ ಆಗದವರಿಗೆ ನಾನು ಡೇಟಾ ಹೇಳುತ್ತೇನೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಲಾಸಿ-ಡ್ಯಾಡ್ ಡೇಟಾವನ್ನು ಗೇಟ್‌ವೇ ಟು ಗ್ಲೋಬಲ್ ಏಜಿಂಗ್ ಡೇಟಾ ಅನ್ನೋ ತಾಣದಲ್ಲಿ ಹೆಸರು ನೋಂದಾಯಿಸಿ ಕಾಸು ಕೊಡದೆ ಪಡೆಯಬಹುದು. ಅಮೆರಿಕದ ಆಡ್ನಿ (ADNI) ಅನ್ನೋ ಅಲ್ಝೈಮರ್ಸ್ ಅಧ್ಯಯನದ ಡೇಟಾಕ್ಕೂ ಅರ್ಜಿ ಹಾಕಬಹುದು. ದಾವಣಗೆರೆಯಲ್ಲೋ ಹಾಸನದಲ್ಲೋ ಕೂತು, ಒಂದು ಲ್ಯಾಪ್‌ಟಾಪು ಮತ್ತು ಅಂಕಿಅಂಶ ಲೆಕ್ಕ ಹಾಕುವ 'ಆರ್' (R) ಅನ್ನೋ ಪ್ರೋಗ್ರಾಂ ಇದ್ದರೆ ಸಾಕು, ಒಂದು ಪೇಪರಿಗೆ ಬೇಕಾದ ಕೆಲಸ ಮಾಡಬಹುದು. ಗೈಡ್ ಸಿಗಲಿಲ್ಲ ಅಂತ ಎರಡು ವರ್ಷ ಕಳೆದುಕೊಂಡ ನನಗೆ ಇದನ್ನು ಆಗ ಯಾರೂ ಹೇಳಲಿಲ್ಲ.

ಕೊನೆಗೆ ಸಿವಿ. ಎಲ್ಲರ ಸಿವಿಯಲ್ಲೂ ಭಾಷೆಗಳ ಸಾಲು ಎಲ್ಲಿರುತ್ತದೆ? ಕೊನೇ ಪುಟದ ಕೊನೆಗೆ, ಹವ್ಯಾಸಗಳ ಮೇಲೆ. ಅದನ್ನು ಮೊದಲ ಪುಟಕ್ಕೆ ತನ್ನಿ ಅಂತ ನಾನು ಜಗಳ ಆಡಿಯೇ ಹೇಳುತ್ತೇನೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಅವರ ತಂಡ 648 ರೋಗಿಗಳನ್ನು ನೋಡಿ, ಎರಡು ಭಾಷೆ ಆಡುವವರಿಗೆ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂತು ಅಂತ 2013ರಲ್ಲಿ ಬರೆದಾಗ ಜಗತ್ತೇ ತಿರುಗಿ ನೋಡಿತು. ಶಾಲೆಗೇ ಹೋಗದವರಲ್ಲೂ ಹಾಗೇ ಇತ್ತು. ಆಮೇಲೆ ಬಂದ ಎಲ್ಲ ಅಧ್ಯಯನಗಳೂ ಅದನ್ನು ಒಪ್ಪಿಲ್ಲ, ವಾದ ನಡೆಯುತ್ತಲೇ ಇದೆ. ನನಗೆ ಮುಖ್ಯ ಅನಿಸುವುದು ಬೇರೆ. ಮೂರು ಭಾಷೆ ಬೆರೆಸಿ ಮಾತಾಡುವ ಊರಿನ ಕ್ಲಿನಿಕ್ಕಿನಲ್ಲಿ, ಅದನ್ನು ದಿನಾ ಕೇಳುವವರಿಗೇ ಇಂಥ ಪ್ರಶ್ನೆ ಹೊಳೆಯುವುದು. ಬಯಲುಸೀಮೆಯ ಅಜ್ಜಿ 'ಸುಮ್ಕಿರ್ಲಾ' ಅಂದಾಗ ಅದು ಸಿಟ್ಟೋ, ಬಿಂಕವೋ, ಗೊಂದಲವೋ ಅಂತ ಗೊತ್ತಾಗುವುದು ಒಂದು ಕೌಶಲ. ಎಂಆರ್‌ಐ ಓದಲು ಎಲ್ಲಾದರೂ ಕಲಿಯಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಅವರು ಕೇಳುವ ಕೊನೆಯ ಪ್ರಶ್ನೆ ನಮ್ಮಪ್ಪ ಕೇಳುವುದೇ. "ಪರ್ಮನೆಂಟ್ ಯಾವಾಗ ಆಗುತ್ತೆ?" ನಾನು ಕಾಫಿ ತರಿಸುತ್ತೇನೆ.

ಮತ್ತೆ ಆ ಜಗುಲಿ

ಫೋನಿಗೆ ಬರುತ್ತೇನೆ. ಹುಡುಗಿಗೆ ಅಮಾಸೆಯ ಕಥೆ ಹೇಳಿದೆ. ನಕ್ಕಳು. "ಈ ಸಲಾನೂ ತಾರೀಖಿಗೆ ಸೊನ್ನೆ ಹಾಕಿದೆ ಅಕ್ಕ" ಅಂದಳು. ಅಂದರೆ ಹೋದ ಸಲವೂ ಸೊನ್ನೆ, ಈ ಸಲವೂ ಸೊನ್ನೆ. ಕಂಪ್ಯೂಟರಿನ ಪ್ರಕಾರ ಏನೂ ಬದಲಾಗಿಲ್ಲ. "ಏನಂದ್ರು, ಅದೇ ಮಾತಲ್ಲಿ ಹೇಳು" ಅಂದೆ. "ನಂಗೊತ್ತಿಲ್ಲ ಅಂದ್ರು, ಅಷ್ಟೆ." ತಿಂಗಳು ಕೇಳಿದಾಗ? "ಅದೂ ಹೇಳ್ಲಿಲ್ಲ. ವಯಸ್ಸಾಯ್ತಲ್ಲ ಅಂತ ಸೊಸೆ ಅಂದ್ರು."

ಪರೀಕ್ಷೆ ಪೂರ್ತಿ ಮುಗಿದಿದೆಯಾ ಅಂತ ಕೇಳಿದೆ. ಮುಗಿದಿತ್ತು, ಟ್ಯಾಬ್ ಸೇವ್ ಆಗಿತ್ತು, ಕಾಫಿಗೆ ಕೂತಿದ್ದಳು. ಹಾಗಾದರೆ ಇನ್ನು ಕೇಳಿದರೆ ಏನೂ ಕೆಡುವುದಿಲ್ಲ. "ಸುಮ್ನೆ ಮಾತಿಗೆ ಅಂತ ಒಂದು ಕೇಳು. ಅಮಾಸೆ ಕಳೆದು ಎಷ್ಟು ದಿನ ಆಯ್ತು ಅಜ್ಜಿ ಅಂತ. ಬಲಗಡೆ ಕೂತು ಕೇಳು, ಎಡಗಿವಿ ಕೇಳಲ್ಲ. ಫೋನ್ ಇಡಬೇಡ." ನಾನು ಇಲ್ಲಿ ಕ್ಯಾಲೆಂಡರ್ ನೋಡಿದೆ. ಹುಣ್ಣಿಮೆಗೆ ಎರಡು ದಿನ ಬಾಕಿ ಇತ್ತು.

ಅವಳು ಕೇಳಿದ್ದು ನನಗೂ ಕೇಳಿಸಿತು, ಜೋರಾಗಿಯೇ ಕೇಳಿದಳು. ಆಮೇಲೆ ಕೋಳಿಯ ಸದ್ದು ಬಿಟ್ಟರೆ ಏನಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೊಸೆಯ ದನಿ ಏನೋ ಹೇಳಿತು. ಹುಡುಗಿ ಫೋನನ್ನು ಬಾಯಿಯ ಹತ್ತಿರ ತಂದು ಪಿಸುಗುಟ್ಟಿದಳು.

"ಸೊಸೆ ಕಡೆ ತಿರುಗಿದ್ರು ಅಕ್ಕ."

"ಬರಿ" ಅಂದೆ.

"ಎಲ್ಲಿ ಬರೀಲಿ? ಫಾರಂ ಮುಗ್ದೋಗಿದೆ."

"ರಿಮಾರ್ಕ್ಸ್‌ನಲ್ಲಿ. ಎರಡು ಪದ ಸಾಲಲ್ಲ, ನನ್ನ ಹಾಗೆ ಮಾಡಬೇಡ, ಪೂರ್ತಿ ಬರಿ. ನಿನ್ನ ಕಾಂಟ್ರಾಕ್ಟ್ ಯಾವಾಗಿನವರೆಗೆ ಇದೆ?"

"ಮಾರ್ಚ್‌ವರೆಗೂ" ಅಂದಳು.